ನಮ್ಮ ವಿರುದ್ಧವೂ ಸಾಕ್ಷಿ ಹೇಳುವ ಕ್ಯಾಮರಾ

(ಪತ್ರಿಕೋದ್ಯಮದಲ್ಲಿ ಆಸಕ್ತಿಯುಳ್ಳ ಯುವಕ ಯುವತಿಯರಿಗಾಗಿ ಏರ್ಪಡಿಸಲಾದ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ದೇಶವೊಂದರ ಅಂತರ್ಯುದ್ಧವನ್ನು ಸಾಕ್ಷ್ಯಚಿತ್ರವಾಗಿ ನಿರ್ಮಿಸುವುದು ಹೇಗೆ ಎಂಬ ವಿಷಯವನ್ನು ಸಂಘಟಕರು ನನಗೆ ವಹಿಸಿದ್ದಾರೆ. ನಾನು ಕ್ಯಾಮರಾ ಹಿಡಿದವನಲ್ಲ. ಮದ್ರಸದಲ್ಲಿ ಹದೀಸ್ ಕಲಿತು, ಬಳಿಕ ಕಾಲೇಜಿನಲ್ಲಿ ಇತಿಹಾಸ ಓದಿ, ಪತ್ರಿಕೆಯ ಮೇಜಿಗೆ ಬಂದವನು. ಆದ್ದರಿಂದ ಬೆಳಕು, ಮಸೂರಗಳ ಕುರಿತು ನಾನು ಮಾತಾಡಲಾರೆ. ಒಂದು ವರದಿಯನ್ನು ಹೇಗೆ ತೂಗಿ ನೋಡಬೇಕು, ಒಬ್ಬ ಸಾಕ್ಷಿಯ ಮಾತನ್ನು ಎಷ್ಟು ನಂಬಬೇಕು ಎಂಬ ಬಗ್ಗೆ ಮಾತ್ರ ಮಾತಾಡಬಲ್ಲೆ. ಸಾಕ್ಷ್ಯಚಿತ್ರ ಎಂಬ ಪದದಲ್ಲಿ ಚಿತ್ರಕ್ಕಿಂತ ಮೊದಲು ಬರುವುದು ಸಾಕ್ಷ್ಯವೇ ಅಲ್ಲವೇ?

ಎರಡು ದೇಶಗಳ ನಡುವೆ ಯುದ್ಧವಾದರೆ, ಅದು ಮುಗಿದ ಮೇಲೆ ಸೈನಿಕರು ತಂತಮ್ಮ ದೇಶಕ್ಕೆ ಮರಳುತ್ತಾರೆ. ಅವರ ನಡುವೆ ಗಡಿಯೊಂದಿರುತ್ತದೆ. ಅಂತರ್ಯುದ್ಧದಲ್ಲಿ ಹಾಗಲ್ಲ. ಕೊಂದವನೂ, ಕೊಲೆಯಾದವನ ತಾಯಿಯೂ ಒಂದೇ ಬೀದಿಯಲ್ಲಿ ನಡೆದಾಡುತ್ತಾ, ಒಂದೇ ಅಂಗಡಿಯಿಂದ ರೊಟ್ಟಿ ಕೊಳ್ಳುತ್ತಾ ಬದುಕಬೇಕಾಗುತ್ತದೆ. ಅಂತಹ ಊರಿನಲ್ಲಿ ಚಿತ್ರ ತೆಗೆಯುವವನು ಆರಿದ ಬೂದಿಯನ್ನಲ್ಲ, ಒಳಗೆ ಕೆಂಡವಿರುವ ಬೂದಿಯನ್ನು ಕೆದಕುತ್ತಾನೆ. ಕೆದಕುವುದು ಬೆಂಕಿ ಹಚ್ಚುವುದಕ್ಕೋ, ಬೆಂಕಿ ಆರಿಸುವುದಕ್ಕೋ ಎಂಬುದೇ ಇಂದಿನ ನನ್ನ ವಿಷಯ. ಇದಕ್ಕೆ ಉದಾಹರಣೆಯಾಗಿ ನಾನು ಲೆಬನಾನನ್ನು ಆರಿಸಿಕೊಂಡಿದ್ದೇನೆ.

ಮರೆವಿನ ಕಾನೂನು

ಲೆಬನಾನಿನ ಅಂತರ್ಯುದ್ಧ 1975ರಿಂದ 1990ರ ವರೆಗೆ, ಹದಿನೈದು ವರ್ಷ ನಡೆಯಿತು. ಸುಮಾರು 1,50,000 ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಹೇಳಲಾಗುವ ಅಂದಾಜು. ನಾಪತ್ತೆಯಾದವರ ಸಂಖ್ಯೆ 17,000 ಎನ್ನಲಾಗುತ್ತದೆ. ನಮ್ಮಲ್ಲಿನ ಒಂದೆರಡು ಜಿಲ್ಲೆಗಳಷ್ಟು ವಿಸ್ತೀರ್ಣದ ಪುಟ್ಟ ದೇಶದಲ್ಲಿ ಇಷ್ಟು ಸಾವುಗಳೆಂದರೆ ನೋವು ತಟ್ಟದ ಮನೆ ಉಳಿಯಲಿಕ್ಕಿಲ್ಲ.

1989ರಲ್ಲಿ ಸೌದಿ ಅರೇಬಿಯಾದ ತಾಇಫ್‌ನಲ್ಲಿ ಲೆಬನಾನಿನ ಸಂಸದರು ಸೇರಿ ಒಪ್ಪಂದ ಮಾಡಿಕೊಂಡರು. ಸಂಸತ್ತಿನಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ಸಮಾನ ಸ್ಥಾನಗಳು ಎಂದು ನಿರ್ಧಾರವಾಯಿತು. ಅಲ್ಲಿಯವರೆಗೆ ಆರಕ್ಕೆ ಐದರಂತೆ ಸ್ಥಾನಗಳು ಹಂಚಿಕೆಯಾಗಿದ್ದವು. 1932ರಲ್ಲಿ ಫ್ರೆಂಚರ ಆಡಳಿತದಲ್ಲಿ ನಡೆದ ಜನಗಣತಿಯ ಬಳಿಕ ಆ ದೇಶದಲ್ಲಿ ಅಧಿಕೃತ ಜನಗಣತಿಯೇ ನಡೆದಿಲ್ಲವೆಂಬುದನ್ನು ನೆನಪಿಡಿ. ತಲೆ ಎಣಿಸುವುದಕ್ಕೂ ಹೆದರುವ ಸ್ಥಿತಿ ಅದು.

1991ರ ಆಗಸ್ಟ್‌ನಲ್ಲಿ ಸಂಸತ್ತು ಸಾಮೂಹಿಕ ಕ್ಷಮಾದಾನದ ಕಾನೂನನ್ನು ಅಂಗೀಕರಿಸಿತು. ಯುದ್ಧಕಾಲದ ಬಹುತೇಕ ಅಪರಾಧಗಳಿಗೆ ಮಾಫಿ ದೊರೆಯಿತು. ಸಶಸ್ತ್ರ ಗುಂಪುಗಳ ನಾಯಕರು ಸಮವಸ್ತ್ರ ಕಳಚಿ ಕೋಟು ತೊಟ್ಟು ಸಚಿವರಾದರು, ಸಂಸದರಾದರು. ಒಂದೇ ಇತಿಹಾಸ ಪಠ್ಯಪುಸ್ತಕ ರಚನೆಯಾಗಬೇಕೆಂದು ತಾಇಫ್ ಒಪ್ಪಂದದಲ್ಲಿ ಹೇಳಲಾಗಿತ್ತು. ಆದರೆ ಎಲ್ಲರೂ ಒಪ್ಪುವ ಪುಸ್ತಕ ಬರಲೇ ಇಲ್ಲ. ಶಾಲೆಗಳ ಇತಿಹಾಸ ಪಾಠ ಸಾಮಾನ್ಯವಾಗಿ ಸ್ವಾತಂತ್ರ್ಯದ ಕಾಲಕ್ಕೆ, ಅಂದರೆ 1940ರ ದಶಕಕ್ಕೆ ಬಂದು ನಿಂತುಬಿಡುತ್ತದೆ. ಉಳಿದುದನ್ನು ಮಗು ತನ್ನ ಮನೆಯಲ್ಲಿ, ತನ್ನ ಪಂಗಡದ ಬಾಯಿಂದ ಕೇಳುತ್ತದೆ. ಪ್ರತಿಯೊಂದು ಮನೆಯಲ್ಲೂ ನಮ್ಮವರು ಅಮಾಯಕರು, ಅವರೇ ಕೊಲೆಗಾರರು.

ನ್ಯಾಯಾಲಯ ಕೈಬಿಟ್ಟ ಕೆಲಸವನ್ನು, ಪಠ್ಯಪುಸ್ತಕ ಕೈಬಿಟ್ಟ ಕೆಲಸವನ್ನು ಯಾರಾದರೂ ಮಾಡಲೇಬೇಕಾಗಿತ್ತು. ಲೆಬನಾನಿನಲ್ಲಿ ಆ ಹೊಣೆ ಹೊತ್ತವರಲ್ಲಿ ಸಾಕ್ಷ್ಯಚಿತ್ರ ನಿರ್ಮಾಪಕರು ಮುಖ್ಯರು. ಅವರ ಅನುಭವದಿಂದ ನಾವು ಕಲಿಯಬೇಕಾದುದು ಬಹಳಷ್ಟಿದೆ.

ಕಥೆ ಎಲ್ಲಿಂದ ಆರಂಭ?

ಅಂತರ್ಯುದ್ಧದ ಚಿತ್ರ ತೆಗೆಯುವವನ ಮುಂದಿರುವ ಮೊದಲ ಪ್ರಶ್ನೆ ಇದು: ಮೊದಲ ದೃಶ್ಯ ಯಾವುದು?

1975ರ ಎಪ್ರಿಲ್ 13, ರವಿವಾರ. ಬೈರೂತಿನ ಐನ್ ಅರ್ರುಮ್ಮಾನ ಎಂಬ ಕ್ರೈಸ್ತ ಬಡಾವಣೆಯಲ್ಲಿ ಫೆಲೆಸ್ತೀನಿಯರನ್ನು ಒಯ್ಯುತ್ತಿದ್ದ ಬಸ್ಸಿನ ಮೇಲೆ ಫಲಾಂಜ್ ಪಕ್ಷದ ಬಂದೂಕುಧಾರಿಗಳು ಗುಂಡಿನ ಮಳೆಗರೆದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಯುದ್ಧ ಆರಂಭವಾದುದು ಅಂದಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದೇ ದಿನ ಬೆಳಿಗ್ಗೆ ಅದೇ ಬಡಾವಣೆಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ಫಲಾಂಜ್ ಪಕ್ಷದ ನಾಯಕ ಪಿಯರ್ ಜಮಾಯಿಲ್ ಭಾಗವಹಿಸಿದ್ದ ಚರ್ಚ್ ಸಮಾರಂಭದ ಹೊರಗೆ, ಕಾರಿನಲ್ಲಿ ಬಂದವರು ಗುಂಡು ಹಾರಿಸಿ ಆತನ ಕಡೆಯವರನ್ನು ಕೊಂದಿದ್ದರು.

ಈಗ ಯೋಚಿಸಿ. ಚಿತ್ರವನ್ನು ಬಸ್ಸಿನಿಂದ ಆರಂಭಿಸಿದರೆ ಫಲಾಂಜಿಗಳು ಆಕ್ರಮಣಕಾರರು. ಚರ್ಚಿನಿಂದ ಆರಂಭಿಸಿದರೆ ಅವರು ಸೇಡು ತೀರಿಸಿಕೊಂಡವರು. ನಡುವಿನ ಅಂತರ ಕೆಲವೇ ಗಂಟೆಗಳದ್ದು. ಇನ್ನೂ ಹಿಂದೆ ಹೋದರೆ, ಫೆಲೆಸ್ತೀನೀ ಹೋರಾಟಗಾರರಿಗೆ ಲೆಬನಾನಿನ ನೆಲದಿಂದ ಸಶಸ್ತ್ರ ಹೋರಾಟ ನಡೆಸಲು ಅವಕಾಶ ಕೊಟ್ಟ 1969ರ ಕೈರೋ ಒಪ್ಪಂದವಿದೆ. ಅದಕ್ಕೂ ಹಿಂದೆ 1948ರಲ್ಲಿ ತಮ್ಮ ಮನೆಗಳಿಂದ ಹೊರದಬ್ಬಲ್ಪಟ್ಟು, ಬೀಗದ ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಫೆಲೆಸ್ತೀನೀ ನಿರಾಶ್ರಿತರಿದ್ದಾರೆ. ಅಧ್ಯಕ್ಷ ಮಾರೋನೈಟ್ ಕ್ರೈಸ್ತ, ಪ್ರಧಾನಿ ಸುನ್ನೀ, ಸ್ಪೀಕರ್ ಶಿಯಾ ಎಂದು ಪದವಿಗಳನ್ನು ಪಂಗಡಗಳಿಗೆ ಹಂಚಿದ 1943ರ ರಾಷ್ಟ್ರೀಯ ಒಡಂಬಡಿಕೆಯಿದೆ. ದಕ್ಷಿಣದ ಬಡ ಶಿಯಾ ರೈತರ ಹಸಿವು ಇದೆ, ಬೈರೂತಿನ ಬ್ಯಾಂಕುಗಳ ಸಿರಿತನವೂ ಇದೆ.

ಆರಂಭವನ್ನು ಆರಿಸುವವನು ಅಪರಾಧಿಯನ್ನೂ ಆರಿಸಿರುತ್ತಾನೆ. ಇದು ತಿಳಿದಿರುವ ಪ್ರಾಮಾಣಿಕ ನಿರ್ಮಾಪಕ ಚರ್ಚನ್ನೂ ತೋರಿಸುತ್ತಾನೆ, ಬಸ್ಸನ್ನೂ ತೋರಿಸುತ್ತಾನೆ, ಆ ದಿನಕ್ಕೆ ದಾರಿ ಮಾಡಿದ ದಶಕಗಳನ್ನೂ ವಿವರಿಸುತ್ತಾನೆ. ಬೆಂಕಿ ಕಡ್ಡಿ ಗೀರಿದವನನ್ನು ಹುಡುಕುವುದರ ಜೊತೆಗೆ ಸೀಮೆ ಎಣ್ಣೆಯನ್ನು ಅಲ್ಲಿ ತಂದಿಟ್ಟವರು ಯಾರು ಎಂದೂ ಕೇಳುತ್ತಾನೆ.

ಸನದ್ ಇಲ್ಲದ ದೃಶ್ಯ

ಮದ್ರಸದಲ್ಲಿ ಹದೀಸ್ ಪಾಠದ ವೇಳೆ ನಮ್ಮ ಉಸ್ತಾದರು ಮತ್ನ್‌ಗೆ, ಅಂದರೆ ಮೂಲ ಪಠ್ಯಕ್ಕೆ ಹೋಗುವ ಮೊದಲು ಸನದಿನ ಬಳಿ ನಿಲ್ಲಿಸುತ್ತಿದ್ದರು. ಈತ ಯಾರಿಂದ ಕೇಳಿದ? ಅವನು ಇವನನ್ನು ಭೇಟಿಯಾಗಿದ್ದನೇ? ಅವನ ನೆನಪಿನ ಶಕ್ತಿ ಹೇಗಿತ್ತು? ಆಗ ನಮಗೆ ಬೇಸರವಾಗುತ್ತಿತ್ತು. ಪತ್ರಿಕೆಯ ಕೆಲಸಕ್ಕೆ ಬಂದ ಮೇಲೆ ಆ ಪಾಠದ ಬೆಲೆ ಅರ್ಥವಾಯಿತು.

ನಮ್ಮ ಸಮುದಾಯದ ಮೊದಲ ಅಂತರ್ಯುದ್ಧದ ಇತಿಹಾಸವನ್ನೇ ನೋಡಿ. ಹಿಜರಿ 36ರಲ್ಲಿ ಜಮಲ್, ಹಿಜರಿ 37ರಲ್ಲಿ ಸಿಫ್ಫೀನ್. ಎರಡೂ ಕಡೆ ಪ್ರವಾದಿವರ್ಯರ(ಸ) ಸಹಾಬಿಗಳಿದ್ದರು. ಹಿಜರಿ 310ರಲ್ಲಿ ನಿಧನರಾದ ಇಮಾಮ್ ತಬರಿಯವರು ಈ ಯುದ್ಧಗಳ ಬಗ್ಗೆ ಬರೆಯುವಾಗ ಒಂದೇ ಘಟನೆಯ ಕುರಿತು ಪರಸ್ಪರ ಹೊಂದಿಕೆಯಾಗದ ವರದಿಗಳನ್ನು, ವರದಿಗಾರರ ಹೆಸರುಗಳೊಂದಿಗೆ ಒಂದರ ಪಕ್ಕ ಒಂದರಂತೆ ಇಟ್ಟರು. ಅಬೂ ಮಿಖ್ನಫ್ ಹೇಳಿದ್ದು ಇದು, ಸೈಫ್ ಇಬ್ನ್ ಉಮರ್ ಹೇಳಿದ್ದು ಅದು ಎಂದು ಬೇರ್ಪಡಿಸಿ ದಾಖಲಿಸಿದರು. ಈ ಇಬ್ಬರನ್ನೂ ಹದೀಸ್ ವಿದ್ವಾಂಸರು ದುರ್ಬಲ ವರದಿಗಾರರೆಂದು ಪರಿಗಣಿಸಿದ್ದಾರೆ. ಅಂತಹ ಪರೀಕ್ಷೆ ಸಾಧ್ಯವಾದುದು ಹೇಗೆ? ತಬರಿಯವರು ಹೆಸರುಗಳನ್ನು ಅಳಿಸದೆ ಉಳಿಸಿದ್ದರಿಂದ. ಎಲ್ಲವನ್ನೂ ಕಲಸಿ ಒಂದೇ ಸೊಗಸಾದ ಕಥೆ ಮಾಡಿದ್ದರೆ ಓದಲು ಸುಲಭವಾಗುತ್ತಿತ್ತು, ಆದರೆ ಪರೀಕ್ಷಿಸುವ ದಾರಿ ಮುಚ್ಚಿಹೋಗುತ್ತಿತ್ತು.

ಸಾಕ್ಷ್ಯಚಿತ್ರದ ಪ್ರತಿಯೊಂದು ದೃಶ್ಯಕ್ಕೂ ಇಂತಹದೇ ಸನದ್ ಇರಬೇಕು. ಈ ದೃಶ್ಯವನ್ನು ತೆಗೆದವರು ಯಾರು? ಯಾವ ದಿನ? ಯಾವ ಬೀದಿಯಲ್ಲಿ? ಯುದ್ಧಕಾಲದ ಬೈರೂತನ್ನು ಹಸಿರು ರೇಖೆ ಎಂಬ ಗಡಿ ಪೂರ್ವ, ಪಶ್ಚಿಮಗಳಾಗಿ ಸೀಳಿತ್ತು. ಪಶ್ಚಿಮದ ಗುಂಪಿನೊಂದಿಗೆ ಓಡಾಡಿದ ಛಾಯಾಗ್ರಾಹಕನಿಗೆ ಪಶ್ಚಿಮದ ಮೇಲೆ ಬಿದ್ದ ಶೆಲ್‌ಗಳು ಕಾಣುತ್ತವೆ. ಅಲ್ಲಿಂದ ಹಾರಿದ ಶೆಲ್ ಪೂರ್ವದ ಯಾವ ಅಡುಗೆ ಮನೆಗೆ ಬಿತ್ತು ಎಂಬುದು ಕಾಣುವುದಿಲ್ಲ. ಆತ ಸುಳ್ಳು ಹೇಳುತ್ತಿಲ್ಲ. ಆದರೆ ಆತ ನಿಂತ ಜಾಗವೇ ಅರ್ಧ ಸತ್ಯದ ಜಾಗ. ಅದನ್ನು ವೀಕ್ಷಕರಿಗೆ ತಿಳಿಸದೆ ಆ ದೃಶ್ಯವನ್ನು ಬಳಸಿದರೆ ಅರ್ಧ ಸತ್ಯ ಪೂರ್ತಿ ಸುಳ್ಳಾಗುತ್ತದೆ.

ಇನ್ನೂ ಕೆಲವು ಪ್ರಲೋಭನೆಗಳಿವೆ. 1976ರ ಘಟನೆಯನ್ನು ವಿವರಿಸುವಾಗ ಆ ದಿನದ ದೃಶ್ಯ ಸಿಗದಿದ್ದರೆ 1982ರ ದೃಶ್ಯವನ್ನು ಅಲ್ಲಿ ಜೋಡಿಸುವುದು. ಮೂಕ ದೃಶ್ಯಕ್ಕೆ ಬೇರೆಲ್ಲಿಯದೋ ಚೀತ್ಕಾರವನ್ನು ಸೇರಿಸುವುದು. ನಟರಿಂದ ಮಾಡಿಸಿದ ದೃಶ್ಯಕ್ಕೆ ಮಸುಕು ಬಣ್ಣ ಕೊಟ್ಟು ಹಳೆಯದೆಂಬಂತೆ ತೋರಿಸುವುದು. ಎರಡು ಗಂಟೆಯ ಸಂದರ್ಶನದಿಂದ ಇಪ್ಪತ್ತು ಸೆಕೆಂಡು ಕತ್ತರಿಸಿ, ಹೇಳಿದವನ ಅಭಿಪ್ರಾಯವನ್ನೇ ತಿರುಗಿಸುವುದು. ವೀಕ್ಷಕನಿಗೆ ಇವು ಯಾವುವೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಅಲ್ಲಾಹನಿಗೆ ಮತ್ತು ಸಂಕಲನದ ಕೋಣೆಯಲ್ಲಿ ಕುಳಿತವನಿಗೆ ಮಾತ್ರ. ಸುದ್ದಿ ಬಂದಾಗ ಪರಿಶೀಲಿಸಿರಿ, ಇಲ್ಲವಾದರೆ ತಿಳಿಯದೆ ಒಂದು ಜನತೆಗೆ ಹಾನಿ ಮಾಡಿ ಪಶ್ಚಾತ್ತಾಪ ಪಡುವಿರಿ ಎಂಬ ಅರ್ಥದ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನಲ್ಲಿದೆ. ಅದು ಸಂಕಲನದ ಕೋಣೆಗೂ ಅನ್ವಯಿಸುತ್ತದೆ.

ನಾಯಕರ ಮಾತು, ಜನರ ಮಾತು

2001ರಲ್ಲಿ ಅಲ್ ಜಝೀರ ವಾಹಿನಿಯು ಲೆಬನಾನಿನ ಯುದ್ಧದ ಬಗ್ಗೆ ಹದಿನೈದು ಕಂತುಗಳ ಸರಣಿಯೊಂದನ್ನು ಪ್ರಸಾರ ಮಾಡಿತು. ಉಮರ್ ಅಲ್ ಈಸಾವಿ ಅದರ ನಿರ್ಮಾತೃ. ಯುದ್ಧದಲ್ಲಿ ಪಾತ್ರ ವಹಿಸಿದ ವಿವಿಧ ಪಕ್ಷಗಳ ನಾಯಕರನ್ನು ಕ್ಯಾಮರಾದ ಮುಂದೆ ಕುಳ್ಳಿರಿಸಿ, ಹಳೆಯ ದೃಶ್ಯಗಳೊಂದಿಗೆ ಅವರ ಮಾತುಗಳನ್ನು ಹೆಣೆಯಲಾಗಿತ್ತು. ಶಾಲೆಯ ಪುಸ್ತಕ ಹೇಳದ ವಿಷಯಗಳನ್ನು ಅರಬ್ ಮನೆಗಳು ಟಿ.ವಿ.ಯಲ್ಲಿ ಕಂಡವು. ಇದು ದೊಡ್ಡ ಕೆಲಸ.

ಆದರೆ ನಾಯಕರ ಸಾಕ್ಷ್ಯಕ್ಕೆ ಒಂದು ಮಿತಿಯಿದೆ. ನಾಯಕನು ತನ್ನ ಭವಿಷ್ಯವನ್ನು ಮುಂದಿಟ್ಟುಕೊಂಡು ಭೂತಕಾಲದ ಬಗ್ಗೆ ಮಾತಾಡುತ್ತಾನೆ. ಆತನ ಮಾತಿನಲ್ಲಿ ಕದನವಿರಾಮವಿರುತ್ತದೆ, ಮಾತುಕತೆಯಿರುತ್ತದೆ, ವಿದೇಶಿ ಪಿತೂರಿಯಿರುತ್ತದೆ. ಆತನ ಹುಡುಗರು ತಪಾಸಣಾ ಠಾಣೆಯಲ್ಲಿ ನಿಲ್ಲಿಸಿದ ಕಾರು ಮಾತ್ರ ಇರುವುದಿಲ್ಲ. ಲೆಬನಾನಿನ ಅಂದಿನ ಗುರುತಿನ ಚೀಟಿಯಲ್ಲಿ ಧರ್ಮವನ್ನು ನಮೂದಿಸಲಾಗುತ್ತಿತ್ತು. 1975ರ ಡಿಸೆಂಬರ್ 6ರಂದು, ಕರಾಳ ಶನಿವಾರವೆಂದು ಕರೆಯಲಾಗುವ ದಿನ, ಬೈರೂತಿನ ರಸ್ತೆಗಳಲ್ಲಿ ಆ ಚೀಟಿಯನ್ನು ನೋಡಿಯೇ ಮುಸ್ಲಿಮರನ್ನು ಕೊಲ್ಲಲಾಯಿತು. ಆ ಬಳಿಕ ಚೀಟಿ ನೋಡಿ ಕೊಲ್ಲುವುದು ಎರಡೂ ಕಡೆಯವರ ರೂಢಿಯಾಯಿತು. ಕೈಯಲ್ಲಿದ್ದ ಒಂದು ತುಂಡು ಕಾಗದ ಒಬ್ಬ ತಂದೆ ಸಂಜೆ ಮನೆಗೆ ಮರಳುವನೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತಿತ್ತು. ಈ ಸಂಗತಿಯನ್ನು ನಾಯಕ ಹೇಳಲಾರ. ಅದನ್ನು ಹೇಳಬೇಕಾದವಳು ಬಾಗಿಲಲ್ಲಿ ಕಾದು ನಿಂತ ಹೆಂಡತಿ.

ಹಾಗಾಗಿ ಜನರ ಬಳಿ ಹೋದವರ ಚಿತ್ರಗಳು ಮುಖ್ಯವಾಗುತ್ತವೆ. ಪತ್ರಕರ್ತೆ ಜೋಸಲಿನ್ ಸಾಬ್ ಯುದ್ಧ ನಡೆಯುತ್ತಿದ್ದಾಗಲೇ ಕ್ಯಾಮರಾದೊಂದಿಗೆ ಬೈರೂತಿನಲ್ಲಿ ಓಡಾಡಿದರು. 1982ರ ಅವರ ಚಿತ್ರದಲ್ಲಿ ಸುಟ್ಟು ಕರಕಲಾದ ತಮ್ಮ ಸ್ವಂತ ಮನೆಯೊಳಗೆ ನಿಂತು ಮಾತಾಡುತ್ತಾರೆ. ಲೆಬನಾನಿನ ಜಾನ್ ಶಮೂನ್ ಮತ್ತು ಫೆಲೆಸ್ತೀನೀ ಮೂಲದ ಮೈ ಮಸ್ರಿ ದಂಪತಿಗಳು 1982ರ ಮುತ್ತಿಗೆಯ ಕಾಲದ ಬೈರೂತನ್ನು ಚಿತ್ರಿಸಿದರು. ಯುದ್ಧ ಮುಗಿದ ಮೇಲೆ ಅವರು 1992ರಲ್ಲಿ ತಯಾರಿಸಿದ ಚಿತ್ರದಲ್ಲಿ ಒಂದು ಕಾಲಕ್ಕೆ ಎದುರಾಳಿಗಳಾಗಿದ್ದ ಇಬ್ಬರು ಹೋರಾಟಗಾರರು ಈಗ ಒಟ್ಟಿಗೆ ಮುರಿದ ಮನೆಗಳ ರಿಪೇರಿ ಮಾಡುತ್ತಾರೆ. ಅದೇ ಚಿತ್ರದಲ್ಲಿ ವಿದಾದ್ ಹಲವಾನಿಯವರಿದ್ದಾರೆ. 1982ರ ಸೆಪ್ಟೆಂಬರ್‌ನಲ್ಲಿ ಅವರ ಗಂಡನನ್ನು ಮನೆಯಿಂದ ಕರೆದೊಯ್ಯಲಾಯಿತು, ಮರಳಿ ಬರಲಿಲ್ಲ. ತನ್ನಂತಹ ಹೆಂಗಸರನ್ನು ಒಟ್ಟುಗೂಡಿಸಿ ಅವರು ನಾಪತ್ತೆಯಾದವರ ಕುಟುಂಬಗಳ ಸಮಿತಿಯನ್ನು ಕಟ್ಟಿದರು. ಅದರಲ್ಲಿ ಮುಸ್ಲಿಮ್ ಹೆಂಗಸರೂ ಇದ್ದರು, ಕ್ರೈಸ್ತ ಹೆಂಗಸರೂ ಇದ್ದರು. ಕಾಯುವ ನೋವಿಗೆ ಪಂಗಡವಿರಲಿಲ್ಲ.

ಕೊಂದವರ ಮುಂದೆ ಕ್ಯಾಮರಾ

ಈಗ ಕಷ್ಟದ ಪ್ರಶ್ನೆಗೆ ಬರೋಣ. ಕೊಂದವನನ್ನು ಸಂದರ್ಶಿಸಬಹುದೇ?

1982ರ ಸೆಪ್ಟೆಂಬರ್ 16ರಿಂದ 18ರ ವರೆಗೆ ಸಾಬ್ರಾ ಮತ್ತು ಶತೀಲಾದಲ್ಲಿ ನಡೆದ ಹತ್ಯಾಕಾಂಡವನ್ನು ನೀವೆಲ್ಲರೂ ಕೇಳಿರುತ್ತೀರಿ. ಫೆಲೆಸ್ತೀನೀ ಹೋರಾಟಗಾರರು ಆಗಷ್ಟೇ ಬೈರೂತ್ ತೊರೆದಿದ್ದರು. ಸೆಪ್ಟೆಂಬರ್ 14ರಂದು ನಿಯೋಜಿತ ಅಧ್ಯಕ್ಷ ಬಶೀರ್ ಜಮಾಯಿಲ್‌ನ ಹತ್ಯೆಯಾಯಿತು. ಇಸ್ರೇಲಿ ಸೇನೆ ಪಶ್ಚಿಮ ಬೈರೂತಿಗೆ ನುಗ್ಗಿ ಶಿಬಿರಗಳನ್ನು ಸುತ್ತುವರಿಯಿತು, ಫಲಾಂಜ್ ಪಡೆಗಳನ್ನು ಒಳಗೆ ಬಿಟ್ಟಿತು, ರಾತ್ರಿ ಆಕಾಶಕ್ಕೆ ಬೆಳಕಿನ ಶೆಲ್‌ಗಳನ್ನು ಹಾರಿಸಿತು. ಒಳಗೆ ಹೆಂಗಸರು, ಮಕ್ಕಳು, ವೃದ್ಧರು. ಸತ್ತವರ ಸಂಖ್ಯೆ 700ರಿಂದ 3,500ರ ವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. 1983ರಲ್ಲಿ ಇಸ್ರೇಲಿನದೇ ಕಹಾನ್ ಆಯೋಗವು ಅಂದಿನ ರಕ್ಷಣಾ ಸಚಿವ ಏರಿಯಲ್ ಶರೋನ್‌ಗೆ ವೈಯಕ್ತಿಕ ಹೊಣೆಗಾರಿಕೆಯಿದೆಯೆಂದು ಹೇಳಿತು. ಫಲಾಂಜ್ ಪಡೆಯನ್ನು ನಡೆಸಿದ ಎಲಿ ಹುಬೈಕ ಮುಂದೆ ಲೆಬನಾನಿನ ಸಚಿವನೂ ಆದ. 2002ರ ಜನವರಿಯಲ್ಲಿ ಕಾರ್ ಬಾಂಬಿಗೆ ಬಲಿಯಾದ. ಬಯಾನ್ ನುವೈಹಿದ್ ಅಲ್ ಹೂತ್ ಎಂಬ ವಿದುಷಿಯು ಬದುಕುಳಿದವರ ಮಾತುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, ಸತ್ತವರ ಹೆಸರುಗಳನ್ನು ಒಂದೊಂದಾಗಿ ದಾಖಲಿಸಿದರು. ಸಂಖ್ಯೆಗಳ ಜಗಳದ ನಡುವೆ ಹೆಸರುಗಳನ್ನು ಉಳಿಸಿದ ಅವರ ಕೆಲಸವನ್ನು ಮೆಚ್ಚಲೇಬೇಕು.

2005ರಲ್ಲಿ ಮೋನಿಕಾ ಬೋರ್ಗ್‌ಮನ್, ಲುಕ್ಮಾನ್ ಸಲೀಮ್ ಮತ್ತು ಹೆರ್ಮನ್ ಥೈಸನ್ ಎಂಬ ಮೂವರು ಒಂದು ಚಿತ್ರ ತಯಾರಿಸಿದರು. ಅದರಲ್ಲಿ ಮಾತಾಡುವವರು ಆರು ಮಂದಿ, ಆರೂ ಮಂದಿ ಆ ಹತ್ಯಾಕಾಂಡದಲ್ಲಿ ಭಾಗವಹಿಸಿದವರು. ಅವರ ಮುಖಗಳನ್ನು ತೋರಿಸಿಲ್ಲ. ಕೈಗಳು, ಮೈ, ಕೋಣೆಯ ಮಬ್ಬು ಬೆಳಕು ಮಾತ್ರ. ಆ ಕೈಗಳು ತಾವು ಮಾಡಿದ್ದನ್ನು ವಿವರಿಸುತ್ತವೆ. ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಮರ್ಶಕರ ಪ್ರಶಸ್ತಿ ದೊರೆಯಿತು.

ಕೊಲೆಗಾರರಿಗೆ ವೇದಿಕೆ ಕೊಟ್ಟಂತಾಗಲಿಲ್ಲವೇ ಎಂಬ ಆಕ್ಷೇಪ ಸಹಜ. ಸತ್ತವರ ಮಕ್ಕಳು ಆ ಮಾತುಗಳನ್ನು ಕೇಳಿದರೆ ಏನಾಗಬಹುದು? ಆಕ್ಷೇಪಕ್ಕೆ ತೂಕವಿದೆ. ಆದರೆ ನನಗನಿಸುವುದು ಹೀಗೆ. ಬದುಕುಳಿದವರು ತಮಗೇನಾಯಿತು ಎಂದು ಹೇಳಬಲ್ಲರು. ಹೇಗಾಯಿತು, ಯಾರು ಆದೇಶ ಕೊಟ್ಟರು, ಟ್ರಕ್ಕುಗಳು ಎಲ್ಲಿಂದ ಬಂದವು, ಹೆಣಗಳನ್ನು ಎಲ್ಲಿ ಹೂಳಲಾಯಿತು ಎಂಬುದು ಗೊತ್ತಿರುವುದು ಕೊಂದವನಿಗೆ. ಅವನ ಬಾಯಿ ಮುಚ್ಚಿದ್ದರೆ ಲಾಭ ಅವನಿಗೇ. ಅವನನ್ನು ಮಾತಾಡಿಸುವಾಗ ನಿರ್ಮಾಪಕ ಎರಡು ತಪ್ಪುಗಳಿಂದ ದೂರವಿರಬೇಕು. ಅವನನ್ನು ವೀರನಂತೆ ತೋರಿಸಬಾರದು. ಅವನನ್ನು ಮನುಷ್ಯನೇ ಅಲ್ಲದ ರಾಕ್ಷಸನಂತೆಯೂ ತೋರಿಸಬಾರದು. ರಾಕ್ಷಸನೆಂದುಬಿಟ್ಟರೆ ನಮಗೆ ನೆಮ್ಮದಿ. ನಾವು ರಾಕ್ಷಸರಲ್ಲವಲ್ಲ! ನಮ್ಮಂತೆಯೇ ಉಂಡು ಮಲಗುವ, ಮಕ್ಕಳನ್ನು ಮುದ್ದಿಸುವ ಮನುಷ್ಯ ಇದನ್ನು ಮಾಡಿದನೆಂದು ತಿಳಿದಾಗ ನಮ್ಮೊಳಗೆ ಭಯ ಹುಟ್ಟುತ್ತದೆ. ಆ ಭಯ ಒಳ್ಳೆಯದು.

ಇದಕ್ಕೆ ಪೂರಕವಾದ ಇನ್ನೊಂದು ಚಿತ್ರ 2012ರದ್ದು, ಎಲಿಯಾನ್ ರಾಹಿಬ್ ಎಂಬ ಮಹಿಳೆಯ ನಿರ್ದೇಶನ. ಕ್ರೈಸ್ತ ಪಡೆಯ ಗುಪ್ತಚರ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅಸ್‌ಅದ್ ಶಫ್ತರಿ 2000ದಲ್ಲಿ ಪತ್ರಿಕೆಗಳ ಮೂಲಕ ಬಹಿರಂಗವಾಗಿ ಕ್ಷಮೆ ಕೇಳಿದರು. ಚಿತ್ರದಲ್ಲಿ ಒಂದು ಕಡೆ ಅವರಿದ್ದಾರೆ. ಇನ್ನೊಂದು ಕಡೆ 1982ರ ಕದನದಲ್ಲಿ ಕಾಣೆಯಾದ ಕಮ್ಯುನಿಸ್ಟ್ ಯುವಕನ ತಾಯಿ. ಆಕೆಗೆ ಬೇಕಾದುದು ಕ್ಷಮಾಯಾಚನೆಯ ಸುಂದರ ಮಾತಲ್ಲ. ನನ್ನ ಮಗನ ಶವ ಎಲ್ಲಿದೆ ಎಂಬುದೊಂದೇ ಅವಳ ಪ್ರಶ್ನೆ. ಸತ್ಯ ಹೇಳದ ಕ್ಷಮಾಯಾಚನೆ ಅಪೂರ್ಣ ಎಂಬುದನ್ನು ಯಾವ ಉಪದೇಶವೂ ಇಲ್ಲದೆ ಆ ತಾಯಿ ನಮಗೆ ಕಲಿಸುತ್ತಾಳೆ. ತೌಬಾದ ಬಗ್ಗೆ ನಮ್ಮ ವಿದ್ವಾಂಸರು ಕಲಿಸಿದ್ದೂ ಇದನ್ನೇ. ಜನರ ಹಕ್ಕು ಬಾಕಿಯಿದ್ದರೆ ಅದನ್ನು ಮರಳಿಸದೆ ಪಶ್ಚಾತ್ತಾಪ ಪೂರ್ತಿಯಾಗದು. ಮಗನ ಗೋರಿ ಎಲ್ಲಿದೆಯೆಂಬ ಮಾಹಿತಿ ಆ ತಾಯಿಯ ಹಕ್ಕು.

ಈ ಕೆಲಸ ಸುರಕ್ಷಿತವಾದುದಲ್ಲ. ಲುಕ್ಮಾನ್ ಸಲೀಮ್ ತಮ್ಮ ಪತ್ನಿ ಬೋರ್ಗ್‌ಮನ್‌ರೊಂದಿಗೆ ಬೈರೂತಿನ ದಕ್ಷಿಣ ಬಡಾವಣೆಯಲ್ಲಿ ಯುದ್ಧದ ದಾಖಲೆಗಳ ಸಂಗ್ರಹಾಲಯವನ್ನೇ ಕಟ್ಟಿದ್ದರು. ಹುಟ್ಟಿನಿಂದ ಶಿಯಾ, ಹಿಝ್ಬುಲ್ಲಾದ ಕಟು ಟೀಕಾಕಾರ. 2021ರ ಫೆಬ್ರವರಿ 4ರಂದು ದಕ್ಷಿಣ ಲೆಬನಾನಿನಲ್ಲಿ ಕಾರಿನೊಳಗೆ ಗುಂಡೇಟಿಗೆ ಬಲಿಯಾಗಿ ಅವರ ಶವ ಸಿಕ್ಕಿತು. ಅವರ ರಾಜಕೀಯ ನಿಲುವನ್ನು ಒಪ್ಪದವರೂ ಆ ಸಾವನ್ನು ಖಂಡಿಸಬೇಕು. ಭಿನ್ನಾಭಿಪ್ರಾಯಕ್ಕೆ ಉತ್ತರ ಗುಂಡಲ್ಲ.

ದಾಮೂರಿನ ದಾರಿ

ಇಲ್ಲಿಯವರೆಗೆ ನಾನು ಹೇಳಿದ್ದಕ್ಕೆ ನಿಮ್ಮಲ್ಲಿ ಬಹುತೇಕರು ತಲೆದೂಗಿದ್ದೀರಿ. ಇನ್ನು ಹೇಳುವ ಮಾತು ತುಸು ಕಹಿ. ಈ ಭಾಷಣದ ಸಾರವೂ ಅದೇ.

ಸಾಬ್ರಾ, ಶತೀಲಾ ನಮಗೆ ಗೊತ್ತು. ದಾಮೂರ್ ಎಷ್ಟು ಮಂದಿಗೆ ಗೊತ್ತು? ಬೈರೂತಿನ ದಕ್ಷಿಣಕ್ಕೆ ಸಮುದ್ರ ತೀರದಲ್ಲಿರುವ ಕ್ರೈಸ್ತರ ಊರದು. 1976ರ ಜನವರಿ 18ರಂದು ಫಲಾಂಜ್ ಮತ್ತು ಅದರ ಮಿತ್ರ ಪಡೆಗಳು ಬೈರೂತಿನ ಕರಂತೀನ ಎಂಬ, ಹೆಚ್ಚಾಗಿ ಮುಸ್ಲಿಮ್ ಬಡವರಿದ್ದ ಕೊಳೆಗೇರಿಯನ್ನು ನೆಲಸಮ ಮಾಡಿ ನೂರಾರು ಜನರನ್ನು ಕೊಂದವು. ಎರಡೇ ದಿನಗಳಲ್ಲಿ, ಜನವರಿ 20ರಂದು ಫೆಲೆಸ್ತೀನೀ ಸಶಸ್ತ್ರ ಗುಂಪುಗಳು ಮತ್ತು ಅವರ ಲೆಬನಾನೀ ಮಿತ್ರರು ದಾಮೂರಿಗೆ ನುಗ್ಗಿದರು. ಅಲ್ಲಿಯೂ ಹೆಂಗಸರು, ಮಕ್ಕಳು ಸತ್ತರು. ಉಳಿದವರು ದೋಣಿ ಹತ್ತಿ ಓಡಿದರು. ಅದೇ ವರ್ಷ ಆಗಸ್ಟ್ 12ರಂದು, ದೀರ್ಘ ಮುತ್ತಿಗೆಯ ಬಳಿಕ ತಲ್ ಅಝ್ಝಅತರ್ ಎಂಬ ಫೆಲೆಸ್ತೀನೀ ಶಿಬಿರ ಕ್ರೈಸ್ತ ಪಡೆಗಳ ವಶವಾಗಿ ಮತ್ತೆ ಹತ್ಯಾಕಾಂಡ ನಡೆಯಿತು. ಅಲ್ಲಿಂದ ಬದುಕಿ ಬಂದ ನಿರಾಶ್ರಿತರಿಗೆ ವಸತಿ ಎಲ್ಲಿ ದೊರೆಯಿತು ಗೊತ್ತೇ? ಜನರಿಲ್ಲದೆ ಬಿಕೋ ಎನ್ನುತ್ತಿದ್ದ ದಾಮೂರಿನ ಮನೆಗಳಲ್ಲಿ.

ಮಕ್ಕಳನ್ನು ಕಳಕೊಂಡ ಒಬ್ಬ ತಾಯಿ, ಇನ್ನೊಬ್ಬ ತಾಯಿಯ ಅಡುಗೆ ಮನೆಯಲ್ಲಿ ಒಲೆ ಹಚ್ಚುತ್ತಾಳೆ. ಗೋಡೆಯಲ್ಲಿ ಮೊಳೆಯ ಗುರುತು, ಯಾವುದೋ ಮಗುವಿನ ಚಪ್ಪಲಿ. ಇಡೀ ಅಂತರ್ಯುದ್ಧ ಆ ಒಂದು ಕೋಣೆಯಲ್ಲಿದೆ. ಆ ಕೋಣೆಗೆ ಹೋಗದ ಕ್ಯಾಮರಾ ಕರಂತೀನವನ್ನು ಮಾತ್ರ ತೋರಿಸಿದರೆ, ಅಥವಾ ದಾಮೂರನ್ನು ಮಾತ್ರ ತೋರಿಸಿದರೆ, ಅದು ಮುಂದಿನ ಸೇಡಿಗೆ ಹುಡುಗರನ್ನು ಸಜ್ಜುಗೊಳಿಸುತ್ತದೆಯೇ ಹೊರತು ಇತಿಹಾಸ ಹೇಳುವುದಿಲ್ಲ.

ಇನ್ನೂ ಒಂದು ಮಾತು. ಇದು ಬರೀ ಮುಸ್ಲಿಮ್ ಮತ್ತು ಕ್ರೈಸ್ತರ ಯುದ್ಧವಾಗಿತ್ತೇ? 1985ರಿಂದ 1988ರ ವರೆಗೆ ಬೈರೂತಿನ ಫೆಲೆಸ್ತೀನೀ ಶಿಬಿರಗಳಿಗೆ ಮುತ್ತಿಗೆ ಹಾಕಿ ಜನರನ್ನು ಹಸಿವಿನಿಂದ ನರಳಿಸಿದ್ದು ಅಮಲ್ ಎಂಬ ಶಿಯಾ ಸಂಘಟನೆ. ಅಂದರೆ ಶತೀಲಾದ ಮೇಲೆ ಮತ್ತೆ ಶೆಲ್ ಸುರಿಸಿದವರು ಮುಸ್ಲಿಮರೇ. ಬಳಿಕ ಅಮಲ್ ಮತ್ತು ಹಿಝ್ಬುಲ್ಲಾ ತಮ್ಮೊಳಗೇ ಬಡಿದಾಡಿಕೊಂಡವು. 1990ರಲ್ಲಿ ಕ್ರೈಸ್ತ ಸೇನಾನಿ ಔನ್ ಮತ್ತು ಕ್ರೈಸ್ತ ನಾಯಕ ಜಅಜಅರ ಪಡೆಗಳು ಪೂರ್ವ ಬೈರೂತನ್ನು ರಣರಂಗ ಮಾಡಿದವು. ಧರ್ಮದ ಹೆಸರಲ್ಲಿ ಎತ್ತಿದ ಬಂದೂಕು ಕೊನೆಗೆ ಸ್ವಂತ ಮನೆಯವರ ಕಡೆಗೇ ತಿರುಗಿತು.

ಹಾಗಾದರೆ ಅತಿಕ್ರಮಣಕಾರನೂ ನಿರಾಶ್ರಿತನೂ ಸಮಾನರೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ನ್ಯಾಯವೆಂದರೆ ಎರಡೂ ಕಡೆಗೆ ಹತ್ತತ್ತು ನಿಮಿಷ ಹಂಚುವುದಲ್ಲ. ಮನೆ ಕಳಕೊಂಡವರಾರು, ಟ್ಯಾಂಕು ಯಾರ ಬಳಿಯಿತ್ತು, ಶಿಬಿರವನ್ನು ಸುತ್ತುವರಿದವರಾರು ಎಂಬುದನ್ನು ಚಿತ್ರ ಸ್ಪಷ್ಟವಾಗಿ ಹೇಳಲೇಬೇಕು. ಆದರೆ ಕರಂತೀನದ ರಕ್ತಕ್ಕೆ ದಾಮೂರಿನ ಮಗು ಹೊಣೆಯಾಗಿರಲಿಲ್ಲ. ನಮ್ಮ ಕಡೆಯ ದೊಡ್ಡ ಅನ್ಯಾಯವು ಆ ಕಡೆಯ ಸಣ್ಣ ಶವವನ್ನು ಮುಚ್ಚಿಹಾಕಲು ಹೊದಿಕೆಯಾಗಬಾರದು. ಒಂದು ಜನತೆಯ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲಿ ಎಂದು ಸೂರಃ ಅಲ್ ಮಾಇದಃ ಎಚ್ಚರಿಸುತ್ತದೆ. ಸ್ವತಃ ನಮ್ಮ ವಿರುದ್ಧವಾಗಿದ್ದರೂ, ಹೆತ್ತವರ ವಿರುದ್ಧವಾಗಿದ್ದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಸೂರಃ ಅನ್ನಿಸಾ ಆಜ್ಞಾಪಿಸುತ್ತದೆ. ಇದಕ್ಕಿಂತ ಕಠಿಣವಾದ ಪತ್ರಿಕಾ ನೀತಿ ನನಗೆ ಬೇರೆಲ್ಲೂ ಕಂಡಿಲ್ಲ.

ಪದಗಳ ಪಕ್ಷಪಾತ

ದೃಶ್ಯದಷ್ಟೇ ಜಾಗರೂಕತೆ ನಿರೂಪಣೆಯ ಪದಗಳಿಗೂ ಬೇಕ��. ಲೆಬನಾನಿನ ಗೋಡೆಗಳಲ್ಲಿ ಪ್ರತಿಯೊಂದು ಪಕ್ಷದ ಪೋಸ್ಟರುಗಳಿದ್ದವು. ಪ್ರತಿಯೊಂದರಲ್ಲೂ ಸತ್ತವನು ಶಹೀದ್. ಕ್ರೈಸ್ತ ಪಕ್ಷದವರೂ ತಮ್ಮ ಸತ್ತವರನ್ನು ಕರೆದದ್ದು ಅದೇ ಅರಬೀ ಪದದಿಂದ. ನಿರೂಪಕನು ಒಂದು ಕಡೆಯವರು ಹುತಾತ್ಮರಾದರು, ಇನ್ನೊಂದು ಕಡೆಯವರು ಹತರಾದರು ಎಂದರೆ ತೀರ್ಪು ಕೊಟ್ಟಾಯಿತು. ಆ ತೀರ್ಪು ಅಲ್ಲಾಹನದ್ದು. ನಿರೂಪಕನ ಪಾಲಿಗೆ ಎಲ್ಲರೂ ಸತ್ತವರು, ಇಲ್ಲವೇ ಕೊಲ್ಲಲ್ಪಟ್ಟವರು. ಅಂತರ್ಯುದ್ಧ ಎಂಬ ಪದವನ್ನೂ ಹಲವು ಲೆಬನಾನಿಗರು ಒಪ್ಪುವುದಿಲ್ಲ. ಇದು ಇತರರು ನಮ್ಮ ನೆಲದಲ್ಲಿ ನಡೆಸಿದ ಯುದ್ಧ ಎನ್ನುತ್ತಾರೆ. ಇಸ್ರೇಲ್, ಸಿರಿಯಾ ಮುಂತಾದವುಗಳ ಪಾತ್ರ ನಿಜವೇ. ಆದರೆ ಹೊರಗಿನವರು ಬಂದೂಕು ಕೊಟ್ಟರೂ ನೆರೆಯವನ ಮೇಲೆ ಗುರಿಯಿಟ್ಟ ಕಣ್ಣು ಊರಿನದೇ ಆಗಿತ್ತು.

ಶವಗಳನ್ನು ತೋರಿಸುವುದರಲ್ಲೂ ಮರ್ಯಾದೆ ಬೇಕು. ಸತ್ತವರಿಗೂ ಮಾನವಿದೆ ಎಂದು ನಂಬುವ ಸಮುದಾಯ ನಮ್ಮದು. ಸಾಕ್ಷ್ಯಕ್ಕೆ ಅಗತ್ಯವಿರುವಷ್ಟು ತೋರಿಸಬೇಕು, ಕೆರಳಿಸಲು ತೋರಿಸಬಾರದು. ಮಾತಾಡಿದ ಸಾಕ್ಷಿಗೆ ಚಿತ್ರ ಪ್ರಸಾರವಾದ ಮರುದಿನವೂ ಅದೇ ಬೀದಿಯಲ್ಲಿ ಬದುಕಬೇಕಾಗಿದೆ ಎಂಬುದನ್ನು ಮರೆಯಬಾರದು. ಅಗತ್ಯವಿದ್ದರೆ ಮುಖ ಮರೆಮಾಡಬೇಕು, ಆದರೆ ಮರೆಮಾಡಿದ್ದೇವೆಂದು ಹೇಳಬೇಕು.

ಕೊಂದವರ ಕಥೆಯ ಜೊತೆ ಕಾಪಾಡಿದವರ ಕಥೆಯೂ ಬರಬೇಕು. 1860ರಲ್ಲಿ ಲೆಬನಾನಿನ ಪರ್ವತ ಪ್ರದೇಶದ ಗಲಭೆ ದಮಾಸ್ಕಸ್‌ಗೂ ಹಬ್ಬಿ ಕ್ರೈಸ್ತರ ಕೊಲೆ ನಡೆದಾಗ, ಫ್ರೆಂಚರ ವಿರುದ್ಧ ಹೋರಾಡಿ ಗಡೀಪಾರಾಗಿದ್ದ ಅಲ್ಜೀರಿಯಾದ ಅಮೀರ್ ಅಬ್ದುಲ್ ಕಾದಿರ್ ತಮ್ಮ ಅನುಯಾಯಿಗಳೊಂದಿಗೆ ಬೀದಿಗಿಳಿದು ಸಾವಿರಾರು ಕ್ರೈಸ್ತರಿಗೆ ಆಶ್ರಯ ಕೊಟ್ಟರು. ತಮ್ಮ ದೇಶವನ್ನು ಕಸಿದವರೂ ಕ್ರೈಸ್ತರೇ ಎಂಬುದು ಅವರನ್ನು ತಡೆಯಲಿಲ್ಲ. ಗುಂಪು ಹುಚ್ಚೆದ್ದಾಗಲೂ ಒಬ್ಬ ಮನುಷ್ಯನಿಗೆ ಬೇರೆ ದಾರಿಯಿತ್ತು ಎಂದು ತಿಳಿದ ಮೇಲೆ, ನನಗೆ ಬೇರೆ ದಾರಿಯಿರಲಿಲ್ಲ ಎಂಬ ಕೊಲೆಗಾರನ ನೆಪ ನಿಲ್ಲುವುದಿಲ್ಲ.

ನಮ್ಮ ಪಾಲಿನ ಕೆಲಸ

ಲೆಬನಾನಿನ ತಾಯಂದಿರ ಮೂರೂವರೆ ದಶಕಗಳ ಹೋರಾಟದ ಫಲವಾಗಿ 2018ರಲ್ಲಿ ನಾಪತ್ತೆಯಾದವರ ಕುರಿತ ಕಾನೂನು ಬಂತು. ಅವರ ಗತಿ ತಿಳಿಯುವ ಹಕ್ಕು ಕುಟುಂಬಗಳಿಗಿದೆಯೆಂದು ಅದು ಒಪ್ಪಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಸಿರಿಯಾದ ಅಸದ್ ಆಡಳಿತ ಕುಸಿದು ಸೆರೆಮನೆಗಳ ಬಾಗಿಲು ತೆರೆದಾಗ, ಹಣ್ಣು ಹಣ್ಣಾದ ಲೆಬನಾನೀ ಹೆಂಗಸರು ಹಳೆಯ ಫೋಟೋಗಳನ್ನು ಕೈಯಲ್ಲಿ ಹಿಡಿದು ಮತ್ತೆ ನಿರೀಕ್ಷೆಯ ಕಣ್ಣು ತೆರೆದರು. ನಲುವತ್ತು ವರ್ಷ ಕಳೆದರೂ ಯುದ್ಧ ಅವರ ಪಾಲಿಗೆ ಮುಗಿದಿಲ್ಲ. ಮರೆತುಬಿಡಿ ಎಂದು ಸರಕಾರ ಹೇಳಬಹುದು, ತಾಯಿಗೆ ಹಾಗೆ ಹೇಳಲು ಯಾರಿಗೂ ಸಾಧ್ಯವಿಲ್ಲ.

ಸಹೋದರ ಸಹೋದರಿಯರೇ, ನಿಮ್ಮಲ್ಲಿ ಒಬ್ಬಿಬ್ಬರು ಮುಂದೆ ಸಾಕ್ಷ್ಯಚಿತ್ರ ನಿರ್ಮಿಸಬಹುದು. ಉಳಿದವರೆಲ್ಲ ನೋಡುವವರು ಮತ್ತು ಹಂಚುವವರು. ಇಂದು ಪ್ರತಿಯೊಬ್ಬರ ಮೊಬೈಲಿಗೂ ಯಾವುದೋ ದೇಶದ, ಯಾವುದೋ ವರ್ಷದ ಶವಗಳ ವೀಡಿಯೋ ಬರುತ್ತದೆ, ಮೇಲೆ ಎದೆಯುರಿಸುವ ನಾಲ್ಕು ಸಾಲು. ಅದನ್ನು ಮುಂದಕ್ಕೆ ಕಳಿಸುವ ಮೊದಲು ಮದ್ರಸದ ಆ ಹಳೆಯ ಪ್ರಶ್ನೆ ಕೇಳಿರಿ: ಇದರ ಸನದ್ ಏನು? ಗೊತ್ತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿರಿ. ಮನೆಯಲ್ಲಿ ಮಕ್ಕಳೊಂದಿಗೆ ಒಂದು ಐತಿಹಾಸಿಕ ಚಿತ್ರ ನೋಡಿದರೆ ಮುಗಿದ ಮೇಲೆ ಟಿ.ವಿ. ಆರಿಸಿ, ಇದರಲ್ಲಿ ಯಾರ ಮಾತು ಕೇಳಿಸಲಿಲ್ಲ ಎಂದು ಅವರನ್ನು ಕೇಳಿರಿ. ನಿಮ್ಮವರಿಗಾದ ಅನ್ಯಾಯವನ್ನು ಖಂಡಿತ ದಾಖಲಿಸಿರಿ, ದಿನಾಂಕ ಸಹಿತ, ಹೆಸರು ಸಹಿತ. ಅದು ಕರ್ತವ್ಯ. ಆದರೆ ಅದೇ ಪುಸ್ತಕದಲ್ಲಿ ನಿಮ್ಮವರಿಂದಾದ ಅನ್ಯಾಯಕ್ಕೂ ಒಂದು ಪುಟ ಬಿಟ್ಟಿರಿ. ಆ ಪುಟ ಇರುವುದರಿಂದಲೇ ಉಳಿದ ಪುಟಗಳನ್ನು ಲೋಕ ನಂಬುತ್ತದೆ.

ನಾಳೆ ನಮ್ಮ ಕೈಕಾಲುಗಳೇ ನಮ್ಮ ವಿರುದ್ಧ ಸಾಕ್ಷಿ ಹೇಳುವ ದಿನವೊಂದಿದೆ ಎಂದು ನಾವು ನಂಬುತ್ತೇವೆ. ಅಂದು ನಾಚಬೇಕಾಗದಂತೆ ಇಂದೇ ಸತ್ಯದ ಸಾಕ್ಷಿಗಳಾಗಿ ನಿಲ್ಲುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.

ವಸ್ಸಲಾಮ್.